ಮಗ್ಗುಲಲ್ಲಿದ್ದ ಹಳೆ ಸೇತುವೆ

ಕೇಳುಗರಿಗೆ ನಮಸ್ಕಾರ.

2024ರ ಆಗಸ್ಟ್ 7. ನಡುರಾತ್ರಿ ಕಳೆದಿತ್ತು. ಕಾರವಾರದ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಹೊಳೆಗೆ ಬಿತ್ತು. ಪೊಲೀಸರೂ ಮೀನುಗಾರರೂ ಸೇರಿ ಚಾಲಕನನ್ನು ಬದುಕಿಸಿದರು. ಹಗಲು ಹೊತ್ತಾಗಿದ್ದರೆ? ಬೇಡ, ಆ ಮಾತು.

ನನ್ನನ್ನು ಕಾಡಿದ್ದು ಬೇರೆ. ಮಗ್ಗುಲಲ್ಲೇ ಹೊಸ ಸೇತುವೆ ಇತ್ತು. ಗೋವಾಕ್ಕೆ ಹೋಗುವವರಿಗೆ ಹೊಸದು. ಬರುವವರಿಗೆ ನಲವತ್ತು ದಾಟಿದ ಹಳೆಯದು. 2016ರಲ್ಲಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಎರಡು ಸಾರಿಗೆ ಬಸ್ಸುಗಳ ಸಮೇತ ಕೊಚ್ಚಿಹೋಯಿತಲ್ಲ, ಅದರ ಪಕ್ಕದಲ್ಲೂ ಹೊಸದಿತ್ತು. ಹೆದ್ದಾರಿಯೂ ಇದೇ, ರಾಷ್ಟ್ರೀಯ ಹೆದ್ದಾರಿ 66. ಹೊಸ ಎತ್ತು ಬಂತೆಂದು ಹಳೆ ಎತ್ತಿನ ನೊಗ ಬಿಚ್ಚುವವರಲ್ಲ ನಾವು. ಮೇವು ಹಾಕುವುದನ್ನಷ್ಟೇ ಮರೆಯುತ್ತೇವೆ.

ಮೇವು ಅಂದರೆ ದೊಡ್ಡದೇನಲ್ಲ, ಸಣ್ಣಪುಟ್ಟ ನಿಗಾ. ಸೇತುವೆಯ ಮೇಲಿನ ನೀರು ಇಳಿದುಹೋಗುವ ತೂತಿಗೆ ಮಣ್ಣು ಕಟ್ಟುತ್ತದೆ. ನೀರು ನಿಲ್ಲುತ್ತದೆ, ಬಿರುಕಿನಲ್ಲಿ ಒಳಗಿಳಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಉಬ್ಬಿ ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. ಕರಾವಳಿಯ ಉಪ್ಪುಗಾಳಿಗೆ ಈ ಕೆಲಸ ಇನ್ನೂ ಬೇಗ. ಇದು ಕಾಣುವುದು ಕೆಳಗೆ ದೋಣಿಯಲ್ಲಿ ಹೋದವರಿಗೆ ಮಾತ್ರ. ಮೇಲೆ ಡಾಂಬರು ಥಳಥಳ.

ಹಿಂದೆ ಲೋಕೋಪಯೋಗಿ ಇಲಾಖೆಯ ಗ್ಯಾಂಗ್‌ಮನ್‌ಗಳು ಗುದ್ದಲಿ, ಬುಟ್ಟಿ ಹಿಡಿದು ರಸ್ತೆಬದಿಯಲ್ಲಿ ಕಾಣುತ್ತಿದ್ದರು. ಮಳೆಗೆ ಮೊದಲು ಗಟಾರ ಬಿಡಿಸುವುದು, ಮೋರಿಯ ಬಾಯಿ ತೆರೆಯುವುದು, ಹೊಂಡಕ್ಕೆ ಜಲ್ಲಿ ತುಂಬುವುದು. ಈಗ ಅವರು ಕಾಣುವುದೇ ಅಪರೂಪ, ಎಲ್ಲದಕ್ಕೂ ಟೆಂಡರು. ಮೋರಿ ಬಿಡಿಸಿದ್ದಕ್ಕೆ ಗುದ್ದಲಿ ಪೂಜೆ ಇಲ್ಲ, ಶಿಲಾಫಲಕವೂ ಇಲ್ಲ ನೋಡಿ!

ಹೊಸದು ಬೇಡವೆನ್ನುತ್ತಿಲ್ಲ. ಮಲೆನಾಡಿನಲ್ಲಿ ಕಾಲುಸಂಕ, ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿ, ದಾಟಿ ಶಾಲೆಗೆ ಹೋಗುವ ಮಕ್ಕಳು ಇನ್ನೂ ಇದ್ದಾರೆ. ಅಲ್ಲಿ ಸೇತುವೆ ಆಗಲೇಬೇಕು, ಅದೂ ಮೊದಲು. ಆದರೆ ಇದ್ದುದರ ಪಕ್ಕ ಇನ್ನೊಂದು ಕಟ್ಟುವಾಗ, ಅದೇ ಅಂದಾಜುಪಟ್ಟಿಯಲ್ಲಿ ಹಳೆಯದರ ಗತಿಯೂ ಬರೆದಿರಲಿ: ಮುಚ್ಚುತ್ತೀರೋ, ದುರಸ್ತಿಗೆ ವರ್ಷವರ್ಷ ದುಡ್ಡಿಡುತ್ತೀರೋ.

ಹಳೆಯದು ಬಿದ್ದ ಮೇಲೆ ಕಾಳಿಯ ಹೊಸ ಸೇತುವೆಯನ್ನು ಪರೀಕ್ಷಿಸಿ, ಎರಡೂ ದಿಕ್ಕಿನ ವಾಹನಗಳನ್ನು ಅದರ ಮೇಲೇ ಬಿಟ್ಟರು. ಮಳೆಗಾಲ ಹಿಡಿಯುವ ಮುಂಚೆ ಪ್ರತಿವರ್ಷ ಯಾರಾದರೂ ದೋಣಿ ಹತ್ತಿ ಅದರ ಅಡಿಭಾಗ ನೋಡಿ ಬರಲಿ.

ನಮಸ್ಕಾರ.