ಯಾರಿಗೆ ಹೇಳಿದ ಮಾತು?

ಕೇಳುಗರಿಗೆ ನಮಸ್ಕಾರ. ಬೆಳಗಾದರೆ ಮೊಬೈಲಿಗೆ ಕನ್ಫ್ಯೂಷಿಯಸ್‌ನ ನುಡಿ ಬರುತ್ತದೆ, ಪಕ್ಕದಲ್ಲೊಂದು ಗುಲಾಬಿ. ಅದರಲ್ಲಿ ಎಷ್ಟೋ ಅವನು ಹೇಳಿದ್ದೇ ಅಲ್ಲ, ಇರಲಿ ಬಿಡಿ. ನಾನು ಕೇಳಿಕೊಳ್ಳುವುದು ಒಂದೇ. ಓದಿದ ಕೂಡಲೇ ತಲೆಯಾಡಿಸಬೇಡಿ. ಈ ಮಾತು ಯಾರಿಗೆ ಹೇಳಿದ್ದು ಅಂತ ಕೇಳಿ.

ಕನ್ಫ್ಯೂಷಿಯಸ್ ಹಳೆಯ ಕಾಲದ ಚಿಂತಕ, ಚೀನಾದ ಲೂ ರಾಜ್ಯದವನು. ಬುದ್ಧಿಮಾತಿನ ಪಟ್ಟಿ ಮಾಡಿಟ್ಟು ಹೋದವನಲ್ಲ. ಶಿಷ್ಯರು ಕೇಳಿದರು, ಅವನು ಉತ್ತರ ಕೊಟ್ಟ. ಕ್ರಿ.ಪೂ. 479ರಲ್ಲಿ ಅವನು ತೀರಿಕೊಂಡ. ಆಮೇಲೆ ಆ ಮಾತುಕತೆಗಳನ್ನೆಲ್ಲ ಸೇರಿಸಿದ್ದೇ 20 ಭಾಗಗಳ 'ಲುನ್‌ಯು'.

ಅದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಸಂಗ ಕೇಳಿ. ಜೀಲೂ ಅಂತ ಒಬ್ಬ ಶಿಷ್ಯ. ಧೈರ್ಯವಂತ, ಆದರೆ ಮಹಾ ಮುನ್ನುಗ್ಗುವ ಆಸಾಮಿ. 'ಯುದ್ಧಕ್ಕೆ ಹೋದರೆ ಯಾರನ್ನು ಕರೆದುಕೊಂಡು ಹೋಗ್ತೀರಿ?' ಅಂತ ಗುರುವನ್ನೇ ಕೇಳಿದ್ದ. ನನ್ನ ಹೆಸರೇ ಹೇಳ್ತಾರೆ ಅನ್ನೋ ಆಸೆ! 'ಬರಿಗೈಲಿ ಹುಲಿಯ ಮೇಲೆ ಬೀಳುವವನು ನನಗೆ ಬೇಡಪ್ಪ' ಅಂದ ಗುರು. ಇನ್ನೊಬ್ಬ ರಾನ್ ಯೂ. 'ನಿಮ್ಮ ದಾರಿ ಇಷ್ಟವೇ, ನನಗೆ ಶಕ್ತಿ ಸಾಲದು' ಅಂತ ಹಿಂದೆ ಸರಿಯುವವನು. 'ಶಕ್ತಿ ಸಾಲದವನು ಅರ್ಧ ದಾರಿಯಲ್ಲಿ ಬೀಳುತ್ತಾನೆ. ನೀನು ಈಗಲೇ ಗೆರೆ ಎಳೆದುಕೊಂಡಿದ್ದೀಯ' ಅಂತ ಅವನಿಗೂ ಬಿತ್ತು.

ಈಗ ನೋಡಿ. ಒಳ್ಳೆಯ ಮಾತು ಕೇಳಿದ ಕೂಡಲೇ ಮಾಡಿಬಿಡಬೇಕಾ? ಜೀಲೂ ಇದನ್ನೇ ಕೇಳಿದ. 'ಮನೆಯಲ್ಲಿ ತಂದೆ, ಅಣ್ಣಂದಿರು ಇರುವಾಗ ಅದು ಹೇಗಾಗುತ್ತೆ?' ಅಂದ ಗುರು. ರಾನ್ ಯೂ ಕೂಡ ಅದೇ ಕೇಳಿದ. 'ಹೌದು, ಕೂಡಲೇ ಮಾಡು.' ಇದನ್ನೆಲ್ಲ ಕೇಳಿಸಿಕೊಂಡ ಮೂರನೆಯ ಶಿಷ್ಯ ಗೊಂದಲಕ್ಕೆ ಬಿದ್ದ. ಒಂದೇ ಪ್ರಶ್ನೆಗೆ ಎರಡು ಉತ್ತರವಾ? ಗುರು ಹೇಳಿದ, 'ರಾನ್ ಯೂ ಹಿಂಜರಿಯುತ್ತಾನೆ, ಅವನನ್ನು ಮುಂದೆ ತಳ್ಳಿದೆ. ಜೀಲೂಗೆ ಇಬ್ಬರ ಹುರುಪು, ಅವನನ್ನು ಹಿಡಿದು ನಿಲ್ಲಿಸಿದೆ.'

ಇದರಲ್ಲಿ ಅರ್ಧ ಮಾತ್ರ ನಿಮ್ಮ ಮೊಬೈಲಿಗೆ ಬಂದರೆ ಏನು ಗತಿ, ಹೇಳಿ? ಹಾಗಾಗಿ ಮತ್ತೆ ಹೇಳ್ತೀನಿ: ಯಾರಿಗೆ ಹೇಳಿದ್ದು, ಅದನ್ನು ಮೊದಲು ನೋಡಿ. 'ಗೊತ್ತಿದ್ದರೆ ಗೊತ್ತು ಅನ್ನು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಅದೇ ತಿಳಿವು' ಅನ್ನೋ ಮಾತು ಪ್ರಸಿದ್ಧ ಅಲ್ವಾ? ಅದೂ ಇದೇ ಜೀಲೂಗೆ ಹೇಳಿದ್ದು! ಸದ್ಗುಣ ಅಂದರೇನು ಅಂತ ಸೀಮಾ ನಿಯೂ ಅನ್ನೋ ಇನ್ನೊಬ್ಬ ಶಿಷ್ಯ ಕೇಳಿದಾಗ 'ಮಾತು ನಿಧಾನವಾಗಿರಲಿ' ಅಂತ ಉತ್ತರ ಬಂತು. ಅವನು ವಾಚಾಳಿ ಅಂತೆ.

ಸಮಯ ಮುಗಿಯಿತು ಅಂತ ಸನ್ನೆ ಮಾಡ್ತಿದ್ದಾರೆ. 'ಲುನ್‌ಯು' ಕೈಗೆ ಸಿಕ್ಕರೆ 11ನೇ ಭಾಗದಿಂದ ಶುರು ಮಾಡಿ, ಒಂದೇ ಪ್ರಶ್ನೆಗೆ ಎರಡು ಉತ್ತರದ ಪ್ರಸಂಗ ಅಲ್ಲೇ ಇದೆ. ನಮಸ್ಕಾರ.