ಕ್ಷಯ ಸಂವತ್ಸರದ ಮಂಗಳವಾರ

ಕೇಳುಗರಿಗೆ ನಮಸ್ಕಾರ.

ಮೇ ತಿಂಗಳು ಬಂತೆಂದರೆ ಬಳ್ಳಾರಿಯ ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರು ಕಾಣುವುದೇ ಇಲ್ಲ. ಅದೇ ಮೊಳೆಗೆ ಲಗ್ನಪತ್ರಿಕೆಗಳನ್ನು ಸಿಕ್ಕಿಸಿರುತ್ತೇವೆ. ಈ ಸಲ ಏಳು ಬಂದಿವೆ. ಕಂಪ್ಲಿಯದು ಒಂದು, ಸಿಂಧನೂರಿನದು ಒಂದು, ಗಂಗಾವತಿಯವು ಎರಡು, ಉಳಿದವು ಊರೊಳಗಿನವೇ. ಹೊರಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುವ ಹೊತ್ತಿನಲ್ಲೇ ಮುಹೂರ್ತ ಇಡುತ್ತಾರೆ. ಪತ್ರಿಕೆಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದ ಮೊಮ್ಮಗಳು ಕೇಳಿದಳು: "ತಾತ, ರಾಜರೂ ಇಂಥ ಬಿಸಿಲಲ್ಲೇ ಮದುವೆ ಮಾಡ್ಕೋತಿದ್ರಾ?"

ಜೀವಮಾನವೆಲ್ಲ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವನು ನಾನು. ಉತ್ತರ ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಅವತ್ತಿನಿಂದ ಮೇ ತಿಂಗಳ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಯಾವ ಅರಸ ಯಾವ ತಾರೀಖು ಹುಟ್ಟಿದ, ಯಾರ ಮದುವೆ ಯಾವತ್ತು ಆಯಿತು, ಯಾರು ಯಾವತ್ತು ತೀರಿಕೊಂಡರು ಅಂತ ಚೌಕದೊಳಗೆ ಸಣ್ಣಗೆ ಬರೆಯುತ್ತಾ ಹೋದೆ.

ಮದುವೆಯಿಂದಲೇ ಶುರು ಮಾಡಿದೆ. ಮೇ ತಿಂಗಳಲ್ಲಿ ಮದುವೆಯಾದರೆ ಆಮೇಲೆ ಮರುಗಬೇಕಾಗುತ್ತದೆ ಅನ್ನುವುದು ಇಂಗ್ಲೆಂಡಿನ ಹಳಬರ ನಂಬಿಕೆ. ನಮ್ಮಲ್ಲಿ ಇದೇ ತಿಂಗಳು ಕಲ್ಯಾಣ ಮಂಟಪ ಸಿಗಬೇಕೆಂದರೆ ಆರು ತಿಂಗಳ ಹಿಂದೆಯೇ ಮುಂಗಡ ಕೊಟ್ಟಿರಬೇಕು. ಅವರ ರಾಜಮನೆತನದವರೂ ಆ ನಂಬಿಕೆಯನ್ನು ಪೂರ್ತಿ ಪಾಲಿಸಿಲ್ಲ. ರಾಣಿ ಎಲಿಜಬೆತ್ತರ ತಂಗಿ ಮಾರ್ಗರೆಟ್ ಮದುವೆಯಾದದ್ದು 1960ರ ಮೇ 6ಕ್ಕೆ, ಮೊಮ್ಮಗ ಹ್ಯಾರಿಯ ಮದುವೆ 2018ರ ಮೇ 19ಕ್ಕೆ. ಮಾರ್ಗರೆಟ್ ಮದುವೆ ಮುಂದೆ ವಿಚ್ಛೇದನದಲ್ಲಿ ಮುಗಿಯಿತು. ಹಾಗಂತ ಮೇ ತಿಂಗಳನ್ನು ದೂರಿದರೆ ನಮ್ಮ ಅರ್ಧ ಜಿಲ್ಲೆಯ ಸಂಸಾರಗಳೇ ಜಗಳಕ್ಕೆ ಬಂದಾವು.

ಮೇ 16ರ ಚೌಕದಲ್ಲಿ ಎರಡು ಮದುವೆ ಕೂಡಿದವು. 1640ರಲ್ಲಿ ಪುಣೆಯಲ್ಲಿ ಶಿವಾಜಿ ಮತ್ತು ಸಯೀಬಾಯಿಯವರದು. ಇನ್ನೊಂದು 1770ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ. ವರನಿಗೆ 15, ವಧುವಿಗೆ 14. ಹುಡುಗ ಮುಂದೆ ಹದಿನಾರನೇ ಲೂಯಿ ಎಂಬ ಅರಸನಾದ, ಹುಡುಗಿ ಮಾರಿ ಆಂತ್ವನೆತ್. ಮದುವೆಯ ದಾಖಲೆ ಪುಸ್ತಕಕ್ಕೆ ರುಜು ಹಾಕುವಾಗ ಆ ಹುಡುಗಿಯ ಲೇಖನಿಯಿಂದ ಮಸಿ ತೊಟ್ಟಿಕ್ಕಿ ಹೆಸರಿನ ಮೇಲೆ ಕಲೆಯಾಯಿತು. ಆ ಹಾಳೆ ಉಳಿದಿದೆ, ಕಲೆಯೂ ಉಳಿದಿದೆ. ಎರಡು ವಾರದ ಮೇಲೆ, ಮೇ 30ಕ್ಕೆ, ಮದುವೆಯ ಸಂಭ್ರಮಕ್ಕೆಂದು ಪ್ಯಾರಿಸ್ಸಿನಲ್ಲಿ ಬಾಣಬಿರುಸು ಹಾರಿಸಿದಾಗ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಗಂಡ ಹೆಂಡತಿ ಇಬ್ಬರೂ 1793ರಲ್ಲಿ ಗಿಲೊಟಿನ್ನಿಗೆ ತಲೆ ಕೊಟ್ಟರು.

ಮುಂದೆ ಮೇ 19ರ ಚೌಕದಲ್ಲಿ, ಹ್ಯಾರಿಯ ಮದುವೆಯ ಕೆಳಗೆ, 1536ರಲ್ಲಿ ಇಂಗ್ಲೆಂಡಿನ ರಾಣಿ ಆನ್ ಬೊಲಿನ್‌ಳ ತಲೆ ತೆಗೆಸಿದ್ದನ್ನು ಬರೆದೆ. ಕೊಡಲಿ ಬೇಡ ಅಂತ ಕತ್ತಿ ಬೀಸುವವನನ್ನು ಫ್ರಾನ್ಸಿನ ಕಡೆಯಿಂದ ಕರೆಸಿದ್ದರಂತೆ. ಅದಕ್ಕೂ 16 ವರ್ಷ ಹಿಂದಿನ ಮೇ 19 ನಮ್ಮ ಕಡೆಯದು. 1520, ಶನಿವಾರ. ಕೃಷ್ಣದೇವರಾಯ ರಾಯಚೂರು ಕೋಟೆಗಾಗಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಕೃಷ್ಣಾ ನದಿಯ ದಂಡೆಯಲ್ಲಿ ಸೋಲಿಸಿದ ದಿನ. ಹಿಂದಿನ ದಿನ ಶುಕ್ರವಾರ, ಒಳ್ಳೆಯ ದಿನವಲ್ಲ, ಯುದ್ಧ ಬೇಡ ಅಂತ ಮಂತ್ರಿಗಳು ತಡೆದರು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಹುಟ್ಟು, ಮದುವೆ, ಸಾವಿನ ಪಟ್ಟಿಯಲ್ಲಿ ಯುದ್ಧಕ್ಕೆ ಜಾಗವಿಲ್ಲ, ಒಪ್ಪುತ್ತೇನೆ. ರಾಯಚೂರಿನವರು ಕೇಳುತ್ತಿರುತ್ತಾರೆ, ಹೇಳದೆ ಬಿಟ್ಟರೆ ಬೈದಾರು.

ಇಷ್ಟಾದರೂ ಮೊಮ್ಮಗಳು ಕೇಳಿದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ. ಅವಳಿಗೆ ಬೇಕಾದದ್ದು ನಮ್ಮ ಬಿಸಿಲಿನ, ನಮ್ಮ ಕಡೆಯ ಅರಸರ ಮದುವೆ. ನಮ್ಮ ಈ ನೆಲಕ್ಕೆ ಸೇರಿದ ದೊಡ್ಡ ಮದುವೆ ಒಂದಿದೆ, ಆದರೆ ಅದಕ್ಕೆ ತಾರೀಖು ಇಲ್ಲ. 1406ರ ಹೊತ್ತಿನದು ಅನ್ನಬಹುದು, ಅಷ್ಟೆ. ಕಥೆ ಶುರುವಾಗುವುದು ಮುದಗಲ್ಲಿನಲ್ಲಿ, ಒಬ್ಬ ಅಕ್ಕಸಾಲಿಗನ ಮನೆಯಲ್ಲಿ.

ಎರಡು ಶತಮಾನದ ನಂತರ ಬರೆದ ಇತಿಹಾಸಕಾರ ಫೆರಿಶ್ತಾ ಹೇಳುವ ಕಥೆ ಇದು, ಹಾಗಾಗಿ ಸ್ವಲ್ಪ ಉಪ್ಪು ಖಾರ ಸೇರಿರುತ್ತದೆ. ಅಕ್ಕಸಾಲಿಗನ ಮಗಳು ರೂಪವತಿ, ಹಾಡು ಕಲಿತವಳು. ಅವಳಿಗೆ ಪಾಠ ಹೇಳಿದ ಬ್ರಾಹ್ಮಣ ವಿಜಯನಗರಕ್ಕೆ ಹೋಗಿ ಒಂದನೇ ದೇವರಾಯನ ಮುಂದೆ ಅವಳನ್ನು ಹೊಗಳಿದ. ರಾಯ ಅದೇ ಬ್ರಾಹ್ಮಣನ ಕೈಯಲ್ಲಿ ಬೆಲೆಬಾಳುವ ಸರ ಕಳಿಸಿದ. ಅಪ್ಪ ಅಮ್ಮ ಹಿರಿಹಿರಿ ಹಿಗ್ಗಿದರು. ಹುಡುಗಿ ಮಾತ್ರ ಸರಕ್ಕೆ ಕೊರಳು ಕೊಡಲಿಲ್ಲ. ರಾಯನ ಅಂತಃಪುರ ಸೇರಿದವಳು ಮತ್ತೆ ತವರಿನವರ ಮುಖ ನೋಡುವಂತಿಲ್ಲ, ಒಂದು ಸರಕ್ಕೆ ನಿಮ್ಮನ್ನು ಬಿಟ್ಟು ಹೋಗಲಾರೆ ಅಂದಳು. ಸರ ವಾಪಸು ಹೋಯಿತು. ರಾಯ ಸುಮ್ಮನಿರಲಿಲ್ಲ, ಹುಡುಗಿಯನ್ನು ತರಲು ತುಂಗಭದ್ರೆ ದಾಟಿಸಿ ಸೈನ್ಯ ಕಳಿಸಿದ. ವಿಷಯ ಏನೆಂದು ಮುದಗಲ್ಲಿನವರಿಗೆ ಮೊದಲೇ ತಿಳಿಸುವ ವ್ಯವಧಾನವೂ ಇರಲಿಲ್ಲ. ದಂಡು ಬಂತೆಂದು ಊರಿಗೆ ಊರೇ ಓಡಿತು, ಅಕ್ಕಸಾಲಿಗನ ಮನೆಯವರೂ ಓಡಿದರು. ಸೈನಿಕರು ಬರಿಗೈಲಿ ಮರಳುವಾಗ ದಾರಿಯ ಹಳ್ಳಿಗಳನ್ನು ದೋಚಿದರು. ಅಲ್ಲಿಗೆ ಬಹಮನಿ ಸುಲ್ತಾನ ಫಿರೋಜ್ ಶಾಹನಿಗೆ ದಂಡೆತ್ತಿ ಬರಲು ನೆಪ ಸಿಕ್ಕಿತು.

ಯುದ್ಧದಲ್ಲಿ ದೇವರಾಯನ ಕೈ ಕೆಳಗಾಯಿತು. ರಾಜಿಯಲ್ಲಿ ಅವನು ಕೊಡಬೇಕಾಗಿ ಬಂದದ್ದು ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆ, ಬಂಕಾಪುರದ ಕೋಟೆ, ಜೊತೆಗೆ ಸ್ವಂತ ಮಗಳು. ಮದುವೆಯ ಮೆರವಣಿಗೆಗೆ ಊರ ಬಾಗಿಲಿಂದ ಅರಮನೆಯವರೆಗೆ ಆರು ಮೈಲಿ ದಾರಿಗೆ ಮಖಮಲ್ಲು, ಜರತಾರಿ ಬಟ್ಟೆ ಹಾಸಿದ್ದರಂತೆ. ಸುಲ್ತಾನ ಮೂರು ದಿನ ಮಾವನ ಮನೆಯಲ್ಲಿ ಉಂಡು ಹೊರಟ. ಕಳಿಸಲು ಬಂದ ದೇವರಾಯ ನಾಲ್ಕು ಮೈಲಿ ಜೊತೆಗೆ ನಡೆದು, ಅಲ್ಲಿಂದ ಹಿಂದಿರುಗಿದ. ಅಷ್ಟೇ. ಅಳಿಯನಿಗೆ ಸಿಟ್ಟು ನೆತ್ತಿಗೇರಿತು. ನನ್ನ ಬಿಡಾರದ ತನಕ ಬರಬೇಕಾದವನು ಅರ್ಧ ದಾರಿಗೆ ಬಿಟ್ಟ, ಈ ಅವಮಾನ ತೀರಿಸಿಕೊಳ್ಳದೆ ಬಿಡುವುದಿಲ್ಲ ಅಂದ. ಆ ಮಾತು ದೇವರಾಯನ ಕಿವಿಗೂ ಬಿತ್ತು, ಅವನೂ ಏನೋ ಅಂದ. ಮತ್ತೆ ಹಗೆ.

ಇದನ್ನು ಓದಿದಾಗೆಲ್ಲ ನನಗೆ ನಗು ಬರುತ್ತದೆ. ಬೀಗರನ್ನು ಬಸ್ ನಿಲ್ದಾಣದ ತನಕ ಕಳಿಸಲಿಲ್ಲ ಅಂತ, ಉಂಡ ಮೇಲೆ ಎಲೆ ಅಡಿಕೆ ಕೇಳಲಿಲ್ಲ ಅಂತ ಹತ್ತು ವರ್ಷ ಮಾತು ಬಿಟ್ಟವರು ನಮ್ಮ ಬಳಗದಲ್ಲೇ ಇದ್ದಾರೆ. ಆರು ಮೈಲಿ ಮಖಮಲ್ಲು ಹಾಸಿದ್ದು ಯಾರಿಗೂ ನೆನಪಿಲ್ಲ, ನಾಲ್ಕು ಮೈಲಿಗೇ ಹಿಂದಿರುಗಿದ್ದು ಮಾತ್ರ ಉಳಿಯಿತು. ಅಕ್ಕಸಾಲಿಗನ ಮಗಳನ್ನು ಸುಲ್ತಾನ ತನ್ನ ಮಗನಿಗೆ ತಂದುಕೊಂಡ. ದೇವರಾಯನ ಮಗಳ ಹೆಸರನ್ನು ಮಾತ್ರ ಫೆರಿಶ್ತಾ ಬರೆಯಲಿಲ್ಲ. ಮುತ್ತು ಐದು ಮಣ ಅಂತ ತೂಕ ಬರೆದವನು ಮದುಮಗಳ ಹೆಸರು ಬಿಟ್ಟ.

ಇನ್ನು ಸಾವು. ಇಲ್ಲಿ ನಮ್ಮ ಕಲ್ಲುಗಳು ಬಾಯಿ ಬಿಡುತ್ತವೆ.

ಆ ದೇವರಾಯನ ಮೊಮ್ಮಗ ಇಮ್ಮಡಿ ದೇವರಾಯ, ಪ್ರೌಢದೇವರಾಯ ಅಂತಲೂ ಕರೆಯುತ್ತಾರೆ. ಆನೆ ಬೇಟೆಗೆ ಹೆಸರಾದವನು, ಗಜಬೇಂಟೆಕಾರ ಎಂಬ ಬಿರುದು ಅವನದು. ಹೇರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಅವನನ್ನು ಕಣ್ಣಾರೆ ಕಂಡ. ತೆಳ್ಳಗೆ, ಉದ್ದಕ್ಕೆ, ಎಣ್ಣೆಗೆಂಪು ಮೈಬಣ್ಣ, ಕೆನ್ನೆಯ ಮೇಲೆ ಆಗತಾನೆ ಮೂಡಿದ ಎಳೆಗೂದಲು, ಹಸಿರು ರೇಷ್ಮೆಯ ಉಡುಪು, ಕೊರಳಲ್ಲಿ ಮುತ್ತಿನ ಸರ. ರಾಯಭಾರಿ ಬೀಳ್ಕೊಳ್ಳುವಾಗೆಲ್ಲ ಎರಡು ಕಟ್ಟು ವೀಳ್ಯದೆಲೆ, 500 ಪಣದ ಚೀಲ ಮತ್ತು ಕರ್ಪೂರ ಕೊಡಿಸುತ್ತಿದ್ದನಂತೆ. ಅತಿಥಿಯನ್ನು ಕಳಿಸುವ ರೀತಿಯನ್ನು ಅಜ್ಜನಿಗಿಂತ ಮೊಮ್ಮಗ ಚೆನ್ನಾಗಿ ಕಲಿತಿದ್ದ ಅನ್ನಬೇಕು.

ಅದಾಗಿ ಮೂರೇ ವರ್ಷಕ್ಕೆ ಅವನು ತೀರಿಕೊಂಡ. ದಿನ ಗೊತ್ತಿದೆ: 1446ರ ಮೇ 24. ಗೊತ್ತಿರುವುದು ಹಂಪಿಯ ಕಲ್ಲಿನಿಂದಲ್ಲ, ದೂರದ ಶ್ರವಣಬೆಳಗೊಳದ ಕಲ್ಲಿನಿಂದ. ಅಲ್ಲಿ ಒಂದು ಸಂಸ್ಕೃತ ಶ್ಲೋಕವಿದೆ. ಕ್ಷಯ ಎಂಬ ಹೆಸರಿನ ಕೆಟ್ಟ ವರ್ಷದಲ್ಲಿ, ಎರಡನೇ ವೈಶಾಖದಲ್ಲಿ, ಮಂಗಳವಾರ, ಕೃಷ್ಣಪಕ್ಷದ ಚತುರ್ದಶಿಯಂದು ಪ್ರತಾಪನಿಧಿಯಾದ ದೇವರಾಯ ಅಳಿದುಹೋದ, ಅಯ್ಯೋ, ಯಮನ ನಡೆಯನ್ನು ತಡೆಯುವುದು ಹೇಗೆ ಅನ್ನುತ್ತದೆ. ಬರೆದವನು ಸಂವತ್ಸರಕ್ಕೆ 'ಕುವತ್ಸರ' ಎಂಬ ಮಾತು ಬಳಸಿದ್ದಾನೆ. ಅದೇ ಸಂವತ್ಸರವನ್ನು ಈಗ ನಾವು ಅಕ್ಷಯ ಅಂತ ಕರೆಯುತ್ತೇವೆ, ಅಳಿಯುವುದಕ್ಕೆ ಅಳಿಯದ್ದೆಂಬ ಹೆಸರು ಇಟ್ಟುಕೊಂಡು. ಆ ಶೋಕದ ಕವಿ ಹಾಗೆ ಮಾಡಲಿಲ್ಲ, ವರ್ಷಕ್ಕೇ ಶಾಪ ಹಾಕಿದ. ಬೆಳಗೊಳದವರಿಗೆ ಯಾಕೆ ಅಷ್ಟು ಸಂಕಟ? ಇದೇ ದೇವರಾಯ 1426ರಲ್ಲಿ ರಾಜಧಾನಿಯ ಪಾನ್ ಸುಪಾರಿ ಬೀದಿಯಲ್ಲಿ ಜೈನ ತೀರ್ಥಂಕರ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದ್ದ. ಎಲೆ ಅಡಿಕೆ ಮಾರುವ ಬೀದಿಯ ಆ ಬಸದಿಗೂ ಬೆಳಗೊಳದ ಶ್ಲೋಕಕ್ಕೂ ನಂಟಿದೆ ಎಂದು ನನ್ನ ಊಹೆ.

ಮೇ 24ರ ಚೌಕದಲ್ಲಿ ಇನ್ನೊಂದು ಹೆಸರನ್ನೂ ಬರೆಯಬೇಕಾಯಿತು, ವಿಕ್ಟೋರಿಯಾ ರಾಣಿಯದು. ಹುಟ್ಟಿದ್ದು 1819ರಲ್ಲಿ. ಹಂಪಿಯ ಅರಸ ಸತ್ತ ತಾರೀಖು, ಬಳ್ಳಾರಿಯನ್ನು ಮುಂದೆ ಆಳಿದ ರಾಣಿ ಹುಟ್ಟಿದ ತಾರೀಖು! ಮೊಮ್ಮಗಳಿಗೆ ಹೇಳಿ ಬೀಗಿದೆ. ಆಮೇಲೆ ರಾತ್ರಿ ಮಲಗಿದಾಗ ನೆನಪಾಯಿತು. 1446ರ ತಾರೀಖು ಹಳೆಯ ಜೂಲಿಯನ್ ಲೆಕ್ಕದ್ದು. ಈಗಿನ ಲೆಕ್ಕಕ್ಕೆ ತಂದರೆ ಒಂಬತ್ತು ದಿನ ಸರಿದು ಜೂನ್ 2 ಆಗುತ್ತದೆ. ಮೇ 19ರ ರಾಯಚೂರು ಯುದ್ಧವೂ ಹತ್ತು ದಿನ ಸರಿದು ಮೇ 29ಕ್ಕೆ ಹೋಗುತ್ತದೆ. ಬೆಳಿಗ್ಗೆ ಎದ್ದು ರಬ್ಬರು ಹುಡುಕಿದೆ. ತಿಥಿ ಮಾತ್ರ ಯಾವ ಲೆಕ್ಕಕ್ಕೂ ಅಲುಗುವುದಿಲ್ಲ: ಅಮಾವಾಸ್ಯೆಗೆ ಒಂದು ದಿನ ಮುಂಚೆ, ಅಷ್ಟೆ.

ಅಮಾವಾಸ್ಯೆ ಎಂದಾಗ ಟಿಪ್ಪು ಸುಲ್ತಾನ. 1799ರ ಮೇ 4, ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು ನಡುಮಧ್ಯಾಹ್ನದ ಬಿಸಿಲಿನಲ್ಲಿ, ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಸುಲ್ತಾನನನ್ನು ಗುರುತಿಸಿದ್ದು ರಾತ್ರಿಯಲ್ಲಿ. ಅದೂ ಅಮಾವಾಸ್ಯೆಯ ರಾತ್ರಿ. ಮರುದಿನ ಗುಂಬಜಿನಲ್ಲಿ ಅಪ್ಪ ಅಮ್ಮನ ಪಕ್ಕ ಮಣ್ಣು ಮಾಡಿದರು, ಅವತ್ತು ಸಂಜೆ ಭಾರಿ ಗುಡುಗು ಸಿಡಿಲು. ಅಲ್ಲಿ ಸತ್ತವನಿಂದ ಇಲ್ಲಿ ನಮ್ಮ ಊರಿನ ಒಡೆಯ ಬದಲಾದ. ಟಿಪ್ಪುವಿನ ರಾಜ್ಯ ಹಂಚಿಕೊಂಡಾಗ ಬಳ್ಳಾರಿ ಸೀಮೆ ನಿಜಾಮನ ಪಾಲಿಗೆ ಸೇರಿತು. ಅವನು ಅದನ್ನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಅಂದದ್ದು ಅದಕ್ಕೇ. ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಬಂದು ಕಂದಾಯ ನಿಗದಿ ಮಾಡಿದ. ಹೊಳೆಯ ಆಚೆ ಕೊಪ್ಪಳ, ರಾಯಚೂರು ಹೈದರಾಬಾದಿನಲ್ಲೇ ಉಳಿದವು, ಈಚೆ ನಾವು ಮದರಾಸಿನವರಾದೆವು. ಒಂದೇ ಬಳಗದವರು ಎರಡು ಸರ್ಕಾರದ ಪ್ರಜೆಗಳಾದರು. ನಮ್ಮ ಅಜ್ಜಿಯ ತವರು ಗಂಗಾವತಿ ಕಡೆ. ಹೊಳೆ ದಾಟಿದರೆ ನಾಣ್ಯವೇ ಬೇರೆ ಅಂತ ಅವರು ಹೇಳುತ್ತಿದ್ದರು.

ಇಂಗ್ಲೆಂಡಿನ ಅರಸ ಏಳನೇ ಎಡ್ವರ್ಡ್ 1910ರ ಮೇ 6ಕ್ಕೆ ಸತ್ತದ್ದನ್ನೂ ಬರೆದೆ. ಅದೇ ತಿಂಗಳು ಆಕಾಶದಲ್ಲಿ ಹ್ಯಾಲಿ ಧೂಮಕೇತು. ಅವನ ಶವದ ಹಿಂದೆ ಒಂಬತ್ತು ಅರಸರಿಗಿಂತ ಮುಂದೆ ಅವನ ನಾಯಿ ನಡೆಯಿತು. ಇದು ಮೊಮ್ಮಗಳಿಗೆ ಎಲ್ಲಕ್ಕಿಂತ ಇಷ್ಟವಾಯಿತು.

ಹಾಳೆ ತುಂಬಿದ ಮೇಲೆ ಅವಳೇ ಇನ್ನೊಂದು ಪ್ರಶ್ನೆ ಕೇಳಿದಳು: "ಇದರಲ್ಲಿ ಯಾವ ದಿನ ನಮಗೆ ರಜಾ?" ಒಂದೂ ಇಲ್ಲ. ಕೃಷ್ಣದೇವರಾಯ ಸತ್ತದ್ದು 1529ರ ಅಕ್ಟೋಬರ್ 17, ಭಾನುವಾರ ಅಂತ ತುಮಕೂರಿನ ಹೊನ್ನೇನಹಳ್ಳಿಯ ಕಲ್ಲು ಹೇಳುತ್ತದೆ, ಆ ತಾರೀಖಿಗೂ ರಜಾ ಇಲ್ಲ. ಅವನು ಕೈಮುಗಿಯುತ್ತಿದ್ದ ಗುರು ವ್ಯಾಸರಾಯರು ತೀರಿಕೊಂಡ ದಿನಕ್ಕೆ ಮಾತ್ರ, ಫಾಲ್ಗುಣ ಬಹುಳ ಚೌತಿಗೆ, ಇವತ್ತಿಗೂ ಜನ ತುಂಗಭದ್ರೆ ದಾಟಿ, ಅವರ ಬೃಂದಾವನವಿರುವ ನವಬೃಂದಾವನದ ನಡುಗಡ್ಡೆಗೆ ಹೋಗುತ್ತಾರೆ. 1539ರಿಂದ ನಡೆದುಬಂದ ಆರಾಧನೆ. ಕೊಪ್ಪಳದ ಗವಿಮಠದ ಜಾತ್ರೆಗೆ ಪುಷ್ಯ ಬಹುಳ ಬಿದಿಗೆ ಅಂದರೆ ಸಾಕು, ಇಂಗ್ಲಿಷ್ ತಾರೀಖು ಕೇಳುವವರಿಲ್ಲ.

ಹೇಳಿದೆ. ಅವಳು ಪೆನ್ಸಿಲ್ ಕಸಿದುಕೊಂಡು ವೈಶಾಖ ಬಹುಳ ಚತುರ್ದಶಿಯ ಚೌಕ ಹುಡುಕಿ, ಅದರೊಳಗೆ 'ದೇವರಾಯ ತಾತ' ಅಂತ ಬರೆದಳು. ಅದೇ ದಿನ ಸಿಂಧನೂರಿನ ಮದುವೆಗೆ ಹೋಗಬೇಕು. ಬೀಗರನ್ನು ಕಳಿಸಿ ಬರುವ ಜವಾಬ್ದಾರಿ ನನಗೆ ಹಚ್ಚಿದ್ದಾರೆ. ಬಸ್ಸು ಹೊರಟು ಕಾಣದಾಗುವ ತನಕ ನಿಂತಿರಬೇಕು ಅಂದುಕೊಂಡಿದ್ದೇನೆ.

ನಮಸ್ಕಾರ.