ಗೋವಿನಜೋಳದ ಪಾಕವೂ ನಮ್ಮ ಸಕ್ಕರೆಯೂ

ಕೇಳುಗರಿಗೆ ನಮಸ್ಕಾರ.

ರಾಣೆಬೆನ್ನೂರು ಕಡೆಯ ರೈತರೊಬ್ಬರು ಈಚೆಗೆ ನನ್ನನ್ನು ತಡೆದು ಕೇಳಿದರು. "ಅಲ್ರೀ ಸರ, ಗೋವಿನಜ್ವಾಳದ ಸಕ್ಕರಿ ತಿಂದ್ರ ಲಿವರ್ ಕೆಡತೈತಂತ ಮೊಬೈಲ್‌ನಾಗ ಬಂದೈತಿ. ಹಂಗಾದ್ರ ನಾವು ಬೆಳಿಯೋದು ವಿಷಾನ ಏನ್ರಿ?" ಬೆವರು ಸುರಿಸಿ ಬೆಳೆದವರು ಹೀಗೆ ಕೇಳಿದಾಗ ಕರುಳು ಚುರ್ ಎನ್ನುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಗೋವಿನಜೋಳದ ರೊಟ್ಟಿಗೂ, ಸುಟ್ಟ ತೆನೆಗೂ ಆ ಸುದ್ದಿಗೂ ಸಂಬಂಧವೇ ಇಲ್ಲ.

ಆ ಸುದ್ದಿ ಇರುವುದು ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಬಗ್ಗೆ. ಅದು ಕಾರ್ಖಾನೆಯಲ್ಲಿ ಮಾಡುವ ಸಿಹಿ ಪಾಕ. ಗೋವಿನಜೋಳದ ಪಿಷ್ಟವನ್ನು ಕಿಣ್ವಗಳಿಂದ ಒಡೆದರೆ ಗ್ಲೂಕೋಸ್ ಆಗುತ್ತದೆ. ಮಿಠಾಯಿ ಮಾಡುವವರು ಡಬ್ಬಿಯಲ್ಲಿ ತರುವ ಲಿಕ್ವಿಡ್ ಗ್ಲೂಕೋಸ್ ಕೂಡ ಪಿಷ್ಟ ಒಡೆದೇ ಮಾಡಿದ್ದು. ಇನ್ನೊಂದು ಕಿಣ್ವ ಹಾಕಿ ಆ ಗ್ಲೂಕೋಸಿನ ಒಂದು ಪಾಲನ್ನು ಫ್ರಕ್ಟೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆ ಮಾಡಿದರೆ ಸಿಹಿ ಜಾಸ್ತಿಯಾಗುತ್ತದೆ. ಅಮೆರಿಕದಲ್ಲಿ ಇದು 1970ರ ದಶಕದಲ್ಲಿ ಹರಡಿತು. ಹೊರಗಿನಿಂದ ಬರುವ ಸಕ್ಕರೆಗೆ ಅಲ್ಲಿನ ಸರ್ಕಾರ ಕಡಿವಾಣ ಹಾಕಿತ್ತು, ಸಕ್ಕರೆ ತುಟ್ಟಿ. ಗೋವಿನಜೋಳವೋ, ಬೇಕಾದಷ್ಟು. 1984ರ ಹೊತ್ತಿಗೆ ಕೋಕ್, ಪೆಪ್ಸಿ ಎರಡೂ ಅಲ್ಲಿ ಈ ಪಾಕವನ್ನೇ ಹಿಡಿದವು.

ಜಗಳ ಜೋರಾದದ್ದು 2004ರಲ್ಲಿ. ಬೊಜ್ಜಿನ ಸಂಶೋಧಕ ಜಾರ್ಜ್ ಬ್ರೇ ಮತ್ತು ಅವರ ಸಂಗಡಿಗರು ಒಂದು ಲೇಖನ ಬರೆದರು. 1970ರಿಂದ 1990ರ ನಡುವೆ ಈ ಪಾಕದ ಬಳಕೆ ಹತ್ತು ಪಟ್ಟಿಗೂ ಮೀರಿ ಏರಿದೆ, ಬೊಜ್ಜೂ ಅದೇ ಕಾಲದಲ್ಲಿ ಏರಿದೆ, ಎರಡಕ್ಕೂ ನಂಟು ಇರಬಹುದು ಎಂದರು. ಜನ ಗಾಬರಿಯಾದರು. ಆದರೆ 2008ರಲ್ಲಿ ಅಮೆರಿಕದ ವೈದ್ಯರ ಸಂಘ, ಬೊಜ್ಜಿನ ವಿಷಯದಲ್ಲಿ ಈ ಪಾಕ ಬೇರೆ ಸಕ್ಕರೆಗಳಿಗಿಂತ ಕೆಟ್ಟದ್ದು ಎನ್ನಲು ಆಧಾರ ಕಾಣುತ್ತಿಲ್ಲ ಎಂದಿತು. ಇನ್ನೂ ಒಂದು ಮಾತಿದೆ. 1999ರ ಆಸುಪಾಸಿನಲ್ಲಿ ಅಲ್ಲಿ ಈ ಪಾಕದ ಬಳಕೆ ತುದಿ ಮುಟ್ಟಿ ಇಳಿಯತೊಡಗಿತು. ಬೊಜ್ಜು ಮಾತ್ರ ಇಳಿಯಲಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಪಾಕದೊಳಗೆ ಏನಿದೆ ನೋಡಬೇಕು. ತಂಪು ಪಾನೀಯಕ್ಕೆ ಹಾಕುವ ಪಾಕದ ಸಕ್ಕರೆಯಲ್ಲಿ ನೂರಕ್ಕೆ ಸುಮಾರು 55 ಪಾಲು ಫ್ರಕ್ಟೋಸ್, ಉಳಿದದ್ದು ಬಹುತೇಕ ಗ್ಲೂಕೋಸ್. ಬೇರೆ ತಿನಿಸುಗಳಿಗೆ ಹಾಕುವುದರಲ್ಲಿ 42 ಪಾಲು. ನಮ್ಮ ಕಬ್ಬಿನ ಸಕ್ಕರೆಯಲ್ಲಿ? ಅರ್ಧಕ್ಕೆ ಅರ್ಧ. ಸಕ್ಕರೆಯಲ್ಲಿ ಇವೆರಡೂ ಜೋಡಿಯಾಗಿ ಅಂಟಿಕೊಂಡಿರುತ್ತವೆ, ಪಾಕದಲ್ಲಿ ಬಿಡಿಬಿಡಿಯಾಗಿ ಇರುತ್ತವೆ, ಅಷ್ಟೇ ವ್ಯತ್ಯಾಸ. ಆ ಜೋಡಿಯನ್ನೂ ನಮ್ಮ ಸಣ್ಣ ಕರುಳು ಬೇಗನೇ ಬಿಡಿಸಿಬಿಡುತ್ತದೆ. ಮನೆಯಲ್ಲಿ ಜಾಮೂನು ಮಾಡುವಾಗ ಪಾಕ ಹರಳುಗಟ್ಟಬಾರದು ಅಂತ ನಾಲ್ಕು ಹನಿ ನಿಂಬೆಹುಳಿ ಹಿಂಡುತ್ತೀರಿ ಅಲ್ವಾ? ಹುಳಿ ಮತ್ತು ಬಿಸಿ ಸೇರಿ ಸಕ್ಕರೆಯ ಒಂದಿಷ್ಟು ಜೋಡಿಯನ್ನು ಅಲ್ಲೇ ಒಡೆದುಹಾಕುತ್ತವೆ. ಇದನ್ನೇ ಕಾರ್ಖಾನೆಯವರು ದೊಡ್ಡದಾಗಿ ಮಾಡಿ ಇನ್ವರ್ಟ್ ಸಿರಪ್ ಅನ್ನುತ್ತಾರೆ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ, ಮಡಿಕೆಯ ಹತ್ತಿರ ಇರುವ ಸಣ್ಣ ಅಕ್ಷರ ಓದಿ. ಎಷ್ಟೋ ಪೊಟ್ಟಣಗಳ ಮೇಲೆ ಆ ಹೆಸರು ಕಾಣುತ್ತದೆ. ಕಬ್ಬಿನಿಂದ ಬಂದರೂ ಅದು ಗೋವಿನಜೋಳದ ಪಾಕದ ಖಾಸಾ ತಮ್ಮನೇ.

ಈಗ ಲಿವರಿನ ವಿಚಾರ. ಆ ಭಯ ಸುಳ್ಳಲ್ಲ. ಫ್ರಕ್ಟೋಸನ್ನು ಹೆಚ್ಚಾಗಿ ಅರಗಿಸುವುದು ಲಿವರ್. ಅಳತೆ ಮೀರಿ ಬಂದರೆ ಅದನ್ನು ಕೊಬ್ಬು ಮಾಡಿ ಇಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ 85 ಯುವಜನರಿಗೆ ಎರಡು ವಾರ ಬೇರೆ ಬೇರೆ ಪ್ರಮಾಣದಲ್ಲಿ ಈ ಪಾಕ ಹಾಕಿದ ಪಾನೀಯ ಕೊಟ್ಟಿದ್ದರು. ಪಾಕ ಹೆಚ್ಚಾದಂತೆ ಕೆಟ್ಟ ಕೊಲೆಸ್ಟರಾಲ್ ಕೂಡ ಹೆಚ್ಚಾಯಿತು. ಎರಡೇ ವಾರದಲ್ಲಿ! ಆದರೆ ಇದರಿಂದ ಕಬ್ಬಿನ ಸಕ್ಕರೆ ಪಾರಾಯಿತು ಅಂದುಕೊಳ್ಳಬೇಡಿ. ಅದರಲ್ಲೂ ಅರ್ಧ ಫ್ರಕ್ಟೋಸೇ. ಜೇನುತುಪ್ಪದಲ್ಲೂ ಬಿಡಿ ಫ್ರಕ್ಟೋಸ್, ಬಿಡಿ ಗ್ಲೂಕೋಸ್ ತುಂಬಿವೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. "ನಾವು ಬೆಲ್ಲದ ಚಹಾನ ಕುಡಿತೀವ್ರಿ, ಏನೂ ಆಗೂದಿಲ್ಲ" ಎನ್ನುವವರು ನಮ್ಮಲ್ಲಿ ಬಹಳ ಜನ. ಅವರ ಮೇಲೆ ನನಗೆ ಪ್ರೀತಿ ಇದೆ, ಆದರೆ ಆ ಮಾತು ಒಪ್ಪಲಾರೆ. ಹಣ್ಣಿನ ಮಾತು ಬೇರೆ. ಪೇರಲ ಕಚ್ಚಿ ತಿಂದರೆ ನಾರೂ ಬರುತ್ತದೆ, ಒಂದೆರಡಕ್ಕೆ ಹೊಟ್ಟೆಯೂ ತುಂಬುತ್ತದೆ.

ಕುಡಿಯುವ ಸಿಹಿ ಹಾಗಲ್ಲ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬೇಸಿಗೆಯ ಮಧ್ಯಾಹ್ನ 600 ಮಿಲಿಲೀಟರಿನ ತಂಪು ಪಾನೀಯ ಕೊಂಡಿರಿ ಅನ್ನಿ. ಇಂಥ ಪಾನೀಯಗಳಲ್ಲಿ 100 ಮಿಲಿಲೀಟರಿಗೆ 10 ಗ್ರಾಂ ಆಸುಪಾಸು ಸಕ್ಕರೆ ಇರುವುದು ಸಾಮಾನ್ಯ. ಲೆಕ್ಕ ಹಾಕಿ, ಒಂದು ಬಾಟಲಿಗೆ 60 ಗ್ರಾಂ. ಚಹಾ ಚಮಚದಲ್ಲಿ ಹನ್ನೆರಡಕ್ಕೆ ಕಡಿಮೆ ಇಲ್ಲ. ಒಂದು ಕಪ್ ಚಹಾಕ್ಕೆ ಹನ್ನೆರಡು ಚಮಚ ಹಾಕಿ ಕೊಟ್ಟರೆ ಯಾರಾದರೂ ಕುಡಿದಾರೇ? ತಣ್ಣಗಿದೆ, ಹುಳಿ ಇದೆ, ಗ್ಯಾಸ್ ಇದೆ, ಅದಕ್ಕೇ ನಾಲಿಗೆಗೆ ಗೊತ್ತಾಗುವುದಿಲ್ಲ. ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ ಹತ್ತು ಮೀರಬಾರದು, ಐದಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಐದು ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ಮತ್ತೆ ನಮ್ಮಲ್ಲಿ ಮಾರುವ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಬರೆದಿರುವುದು ಸಕ್ಕರೆ ಎಂದೇ, ಕಾರ್ನ್ ಸಿರಪ್ ಎಂದಲ್ಲ. ಅಮೆರಿಕದ ಪಾಕಕ್ಕೆ ಹೆದರುತ್ತ ಕೈಯಲ್ಲಿರುವ ಬಾಟಲಿಯನ್ನು ಮರೆಯುತ್ತಿದ್ದೇವೆ, ನನ್ನ ಸಂಕಟ ಇದು.

ಧಾರವಾಡ ಫೇಡೆ ಬಿಡಿ ಅಂತ ನಾನು ಹೇಳುವುದಿಲ್ಲ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯೂ ಇರಲಿ. ಹಬ್ಬದ ಸಿಹಿ ಹಬ್ಬಕ್ಕೆ ಬಂದು ಹೋಗುತ್ತದೆ. ನನಗೆ ಚಿಂತೆ ಇರುವುದು ಶಾಲೆ ಬಿಟ್ಟ ಕೂಡಲೇ ಗೇಟಿನ ಮುಂದಿನ ಅಂಗಡಿಗೆ ಓಡುವ ಮಕ್ಕಳದ್ದು. ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿನಿಸನ್ನು ಶಾಲೆಯ ಆವರಣದಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಿಮ್ಮ ಊರಿನ ಶಾಲೆಯ ಮುಂದೆ ನಿಂತು ಒಮ್ಮೆ ನೋಡಿ. ಶಾಲೆಯ ಅಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ಅಂಗಡಿಯವರನ್ನೂ ಕರೆಯಿರಿ, ಅವರ ಹೊಟ್ಟೆಪಾಡೂ ನೋಡಬೇಕಲ್ಲ. ಮಜ್ಜಿಗೆ, ಶೇಂಗಾ, ಬಾಳೆಹಣ್ಣು, ಬೇಯಿಸಿದ ಗೋವಿನಜೋಳದ ತೆನೆ ಮಾರಿದರೆ ನಾವು ಕೊಳ್ಳುತ್ತೇವೆ ಅಂತ ಅವರಿಗೆ ಮಾತು ಕೊಡಿ.

ನಮಸ್ಕಾರ.